ಎದ್ದಿರುವ ಕಂಟೇನರನ್ನೇ ಮತ್ತೆ ದುಡಿಸಿ

ಅಮೆಜಾನ್‌ನ ಲ್ಯಾಂಬ್ಡಾ ಸೇವೆಯಲ್ಲಿ ಸರ್ವರ್ ನೋಡಿಕೊಳ್ಳುವ ಗೋಜಿಲ್ಲದೆ ನಮ್ಮ ಕೋಡ್ (ಫಂಕ್ಷನ್) ಓಡಿಸಬಹುದು. ಫಂಕ್ಷನ್ ಕೆಲಸ ಮುಗಿಸಿದ ಮೇಲೂ ಅದರ ಕಂಟೇನರ್, ಅಂದರೆ ಅದು ಓಡುವ ಪ್ರತ್ಯೇಕ ಜಾಗ, ಸ್ವಲ್ಪ ಹೊತ್ತು ಉಳಿದಿರುತ್ತದೆ. ಮುಂದಿನ ರಿಕ್ವೆಸ್ಟ್ ಅದಕ್ಕೇ ಬಂದರೆ ಶುರುವಿನ ತಡ ಇರುವುದಿಲ್ಲ.

ಯಾರ ಕೋಡ್ ಕೈಗೆ ಬಂದರೂ ನಾನು ಮೊದಲು ನೋಡುವುದು ಡೇಟಾಬೇಸ್ ಕನೆಕ್ಷನ್ ಎಲ್ಲಿ ತೆರೆದಿದ್ದಾರೆ ಅಂತ. ಹ್ಯಾಂಡ್ಲರ್, ಅಂದರೆ ಪ್ರತಿ ರಿಕ್ವೆಸ್ಟ್ ಬಂದಾಗಲೂ ಓಡುವ ಕೋಡ್, ಅದರ ಒಳಗಿದ್ದರೆ ಪ್ರತಿ ರಿಕ್ವೆಸ್ಟಿಗೂ ಹೊಸದಾಗಿ ತೆರೆಯಬೇಕು. ಆ ಸಾಲನ್ನು ಹ್ಯಾಂಡ್ಲರ್ ಹೊರಗೆ, ಫೈಲಿನ ಮೇಲ್ಭಾಗಕ್ಕೆ ತನ್ನಿ; ಆಗ ಅದು ಕಂಟೇನರ್ ಏಳುವಾಗ ಒಮ್ಮೆ ಮಾತ್ರ ಓಡುತ್ತದೆ. ಬಳಸುವ ಮುಂಚೆ ಕನೆಕ್ಷನ್ ಇನ್ನೂ ಇದೆಯೇ ನೋಡಿ, ಕಡಿದಿದ್ದರೆ ಮತ್ತೆ ತೆರೆಯಿರಿ. ದೊಡ್ಡ ಫೈಲುಗಳನ್ನು ಟಿಎಂಪಿ (/tmp) ಎಂಬ ತಾತ್ಕಾಲಿಕ ಫೋಲ್ಡರಿಗೆ ಇಳಿಸಿಕೊಳ್ಳಿ, ಅದೇ ಕಂಟೇನರಿಗೆ ಬರುವ ಮುಂದಿನ ರಿಕ್ವೆಸ್ಟಿಗೂ ಸಿಗುತ್ತವೆ. ಅಲ್ಲಿ 512 ಎಂಬಿ ಜಾಗ ಹೇಗೂ ಇದೆ.

ಬಳಕೆದಾರರ ಮಾಹಿತಿಯನ್ನು ಮಾತ್ರ ಗ್ಲೋಬಲ್ ವೇರಿಯಬಲ್‌ನಲ್ಲಿ (ಹ್ಯಾಂಡ್ಲರ್ ಹೊರಗಿದ್ದು ಮುಂದಿನ ರಿಕ್ವೆಸ್ಟಿಗೂ ಉಳಿಯುವ ವೇರಿಯಬಲ್) ದಯವಿಟ್ಟು ಇಡಬೇಡಿ. ಒಬ್ಬರ ವಿವರ ಇನ್ನೊಬ್ಬರ ಪರದೆ ಮೇಲೆ ಬಂದುಬಿಡಬಹುದು. ಸಾಮಾನ್ಯವಾಗಿ ಒಂದು ಕಂಟೇನರ್ ಒಮ್ಮೆಗೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಒಟ್ಟಿಗೆ ಹಲವು ಬಂದರೆ ಹೊಸ ಕಂಟೇನರ್‌ಗಳು ಏಳಬೇಕು, ಅಂಥ ಕಡೆ ಪ್ರಾವಿಷನ್ಡ್ ಕನ್‌ಕರೆನ್ಸಿಗೆ, ಅಂದರೆ ಮೊದಲೇ ಕೆಲವು ಕಂಟೇನರ್‌ಗಳನ್ನು ಎಬ್ಬಿಸಿಡುವ ಸೌಲಭ್ಯಕ್ಕೆ, ದುಡ್ಡು ಕೊಡುವುದೇ ಸರಿ.