ಕಾಫಿ ಗಿಡದ ಕೋಲು, ಕರಾಟೆ ಕ್ಲಾಸು: ನನ್ನ ಅನುಭವ

ಕ್ಲಾಸಿಗೆ ಕೋಲು ತಂದಾಗ ನನ್ನ ಹತ್ತಿರ 41 ಮಕ್ಕಳಿದ್ದರು. ಎಂಟು ತಿಂಗಳಲ್ಲಿ 23ಕ್ಕೆ ಇಳಿಯಿತು. ಈಗ 50ರ ಆಸುಪಾಸು ಇದ್ದಾರೆ. ಇಳಿದಾಗ ಬುದ್ಧಿ ಹೇಳಿದವರು ಬಹಳ ಜನ. ಏರಿದ ಮೇಲೆ ಅವರಲ್ಲೇ ಇಬ್ಬರು ಫೋನ್ ಮಾಡಿ "ಹೇಗೆ ಮಾಡಿದ್ರಿ ಮಾಸ್ಟ್ರೇ?" ಅಂದರು. ಫೋನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕರಾಟೆ ಕಲಿಸುವವರಿಗೆ ಅಂತಲೇ ಬರೆದದ್ದು. ಹಾಗಾಗಿ ಗ್ಯಾಕು ಜುಕಿ (ಹಿಂದಿನ ಕೈಯ ಗುದ್ದು) ಅಂಥದ್ದನ್ನೆಲ್ಲ ಉದ್ದಕ್ಕೆ ಬಿಡಿಸಿ ಹೇಳಲು ಹೋಗುವುದಿಲ್ಲ.

ನನ್ನ ಕ್ಲಾಸು ಕೊಡಗಿನ ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ, ಒಂದು ಹಳೇ ಕಾಫಿ ಗೋಡೌನಲ್ಲಿ. ನಮ್ಮದು ಶೋಟೊಕಾನ್ ಶೈಲಿಯ ಕರಾಟೆ. ಫೀಸು ತಿಂಗಳಿಗೆ 500. ತೋಟದ ಕೆಲಸದವರ ಲೈನ್ ಮನೆ ಮಕ್ಕಳು ಏಳೆಂಟು ಜನ ಇದ್ದಾರೆ, ಅವರ ಹತ್ತಿರ ತೆಗೆದುಕೊಳ್ಳುವುದಿಲ್ಲ. ಸಂಜೆ 4ಕ್ಕೆ ಶುರು, 5ಕ್ಕೆ ಬಿಡಲೇಬೇಕು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಮಕ್ಕಳನ್ನು ನಿಲ್ಲಿಸಿಕೊಳ್ಳಲು ಆಗುವುದಿಲ್ಲ. ಅಂದರೆ ನನಗೆ ಸಿಗುವುದು ಒಂದೇ ಗಂಟೆ. ಅದರಲ್ಲಿ ಕೋಲಿಗೆ ಸಮಯ ಎಲ್ಲಿಂದ ತರುತ್ತೀರಿ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ.

ಕೋಲು ಯಾಕೆ ಬೇಕಾಯಿತು ಅಂದರೆ ಸೊಂಟಕ್ಕೆ. ನಮ್ಮ ಮಕ್ಕಳಿಗೆ ಸೊಂಟ ತಿರುಗುವುದಿಲ್ಲ ಮಾರಾಯ್ರೆ! ಗ್ಯಾಕು ಜುಕಿ ಹೊಡಿ ಅಂದರೆ ಭುಜ ಮಾತ್ರ ಮುಂದೆ ಹೋಗುತ್ತದೆ. ಹಿಕಿತೆ ಮಾಡುವ, ಅಂದರೆ ಹಿಂದಕ್ಕೆ ಎಳೆದುಕೊಳ್ಳುವ ಕೈ ಸೊಂಟಕ್ಕೆ ಬರುವ ಬದಲು ಹೊಟ್ಟೆಯ ಹತ್ತಿರ ಎಲ್ಲೋ ನಿಂತುಬಿಡುತ್ತದೆ. ಹತ್ತು ವರ್ಷ ಬಾಯಿ ನೋಯುವಷ್ಟು ಹೇಳಿದೆ. ಬೆಲ್ಟ್ ಬದಲಾಯಿತು, ಸೊಂಟ ಬದಲಾಗಲಿಲ್ಲ. ನಾನು ಮೈಸೂರಿನಲ್ಲಿ ಒಬ್ಬ ಹಿರಿಯರ ಹತ್ತಿರ ಸುಮಾರು ಆರು ವರ್ಷ ಜೋ (128 ಸೆಂಟಿಮೀಟರ್ ಉದ್ದದ ಜಪಾನಿ ಕೋಲು) ಕಲಿತಿದ್ದೆ. ಕೋಲು ಹಿಡಿದ ಮೇಲೆ ನನ್ನದೇ ಹೊಡೆತ ಸರಿಯಾದದ್ದು ಗೊತ್ತಿತ್ತು. ಮಕ್ಕಳಿಗೂ ಆಗಬಹುದು ಅನ್ನಿಸಿತು.

ಆದರೆ ಶುರು ಮಾಡಿದ್ದು ಜೋನಿಂದ ಅಲ್ಲ, ಬೋನಿಂದ. ಬೋ ಅಂದರೆ ಆರಡಿ ಕೋಲು, ನೋಡಲು ಗತ್ತಾಗಿರುತ್ತದೆ, ಪ್ರದರ್ಶನದಲ್ಲಿ ಪೋಷಕರು ಫೋಟೊ ತೆಗೆಯುತ್ತಾರೆ ಅಂತ ನನ್ನ ಲೆಕ್ಕ. ಗೋಡೌನಿನ ಎತ್ತರ ಒಂಬತ್ತೂವರೆ ಅಡಿ, ಅದರಲ್ಲಿ ಫ್ಯಾನು ಒಂದಡಿ ಕೆಳಗೆ. ಮೂರನೇ ದಿನವೇ ಫ್ಯಾನಿನ ರೆಕ್ಕೆ ಬಗ್ಗಿತು. ಮುಂದಿನ ವಾರ ಟ್ಯೂಬ್‌ಲೈಟ್ ಹೋಯಿತು. ಎರಡಕ್ಕೂ ಸೇರಿ 1,800 ರೂಪಾಯಿ ಕೈಬಿಟ್ಟಿತು, ಗೋಡೌನ್ ಮಾಲೀಕರ ಬೈಗುಳ ಬೇರೆ. ಕತ್ತಿವೀರ ಮುಸಾಶಿಗೆ ಸೋತ ಮುಸೋ ಗೊನ್ನೊಸುಕೆ ಆಮೇಲೆ ಗಿಡ್ಡ ಕೋಲಿಗೆ ಬಂದ ಅಂತ ಜಪಾನಿನಲ್ಲಿ ಒಂದು ಕಥೆ ಇದೆಯಲ್ಲ, ನಾನು ಫ್ಯಾನಿಗೆ ಸೋತು ಗಿಡ್ಡ ಕೋಲಿಗೆ ಬಂದೆ. ಹೊರಗೆ ಮಾಡಬಹುದಿತ್ತು ಅನ್ನಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಹುಲ್ಲಿಗೆ ಇಳಿದರೆ ಜಿಗಣೆ. ಡಿಸೆಂಬರ್ ಬಂತು ಅಂದರೆ ಕಣದ ತುಂಬ ಕಾಫಿ, ಗೋಡೌನ್ ತುಂಬ ಮೂಟೆ. ಆ ಮೂರು ತಿಂಗಳು ನಾವು ಒಂದು ಶಾಲೆಯ ಜಗಲಿಗೆ ಹೋಗುತ್ತೇವೆ. ಜಗಲಿಯ ಅಗಲ ಎಂಟಡಿ, ಅಷ್ಟೇ. 128 ಸೆಂಟಿಮೀಟರ್ ಕೋಲು ಅಲ್ಲೂ ನಡೆಯುತ್ತದೆ.

ಈಗ ಕೋಲಿನ ಕಥೆ. ಇಲ್ಲೇ ನನ್ನ ದುಡ್ಡು ಹೆಚ್ಚು ಕರಗಿದ್ದು.

ಮೊದಲು ಪಿವಿಸಿ ಪೈಪು. ಒಂದಕ್ಕೆ 60–70 ರೂಪಾಯಿ ಬಿತ್ತು, 30 ತುಂಡು ಮಾಡಿಸಿದೆ. ಕೈ ಬೆವರಿದರೆ ಜಾರುತ್ತದೆ. ಜೋರಾಗಿ ತಗುಲಿದರೆ ಬಾಗುತ್ತದೆ, ಒಂದೆರಡು ಸೀಳಿಯೂ ಹೋದವು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ತೂಕವೇ ಇಲ್ಲ. ತೂಕ ಇಲ್ಲದ ಕೋಲನ್ನು ಬರೀ ಕೈಯಲ್ಲಿ ಬೀಸಬಹುದು, ಸೊಂಟ ಯಾಕೆ ಬರಬೇಕು? ಆಮೇಲೆ ಬಿದಿರು. ಗೆಣ್ಣಿನ ಹತ್ತಿರ ಸಿಬಿರು ಎದ್ದು ಒಬ್ಬಳ ಅಂಗೈಗೆ ಹೊಕ್ಕಿತು. ಅದನ್ನು ಅವತ್ತೇ ಸೌದೆಗೆ ಹಾಕಿದೆ. ಆಮೇಲೆ ಸಿಲ್ವರ್ ಓಕ್ ಮರ. ತೋಟದಲ್ಲಿ ಬೇಕಾದಷ್ಟಿದೆ, ಲೇತಿನಲ್ಲಿ ಕಡೆಯುವುದೂ ಸುಲಭ, ಒಂದಕ್ಕೆ 150 ಕೊಟ್ಟು 25 ಮಾಡಿಸಿದೆ. ಕೋಲಿಗೆ ಕೋಲು ತಗುಲಿಸುವ ಅಭ್ಯಾಸ ಶುರುವಾದ ಎರಡೇ ವಾರಕ್ಕೆ ಎಳೆ ಹಿಡಿದು ಸೀಳಿದವು. ಬೀಟೆ ಆದರೆ ಜೀವಮಾನಕ್ಕೆ ಸಾಕು, ಆದರೆ ಬೀಟೆ ತುಂಡು ಹಿಡಿದುಕೊಂಡು ರಸ್ತೆಯಲ್ಲಿ ಓಡಾಡುವ ಧೈರ್ಯ ನನಗಿಲ್ಲ. ಕೊನೆಗೆ ಬೆಂಗಳೂರಿನಿಂದ ಓಕ್ ಮರದ ಕೋಲು ನಾಲ್ಕು ತರಿಸಿದೆ, ಒಂದು 2,200. ಬಹಳ ಚೆನ್ನಾಗಿದೆ. ಈಗಲೂ ನನ್ನ ಕೈಯಲ್ಲಿರುವುದು ಅದೇ. ಆದರೆ 40 ಮಕ್ಕಳಿಗೆ ತರಿಸಿದರೆ ನಾನು ಮನೆ ಅಡ ಇಡಬೇಕು.

ಕಾಫಿ ಗಿಡದ ಯೋಚನೆ ನನ್ನದಲ್ಲ. ಪಕ್ಕದ ತೋಟದಲ್ಲಿ ಹಳೇ ರೊಬಸ್ಟಾ ಕಿತ್ತು ಹೊಸದು ಹಾಕುತ್ತಿದ್ದರು. ಅಲ್ಲಿನ ರೈಟರ್ (ತೋಟದ ಲೆಕ್ಕ ನೋಡುವವರು) ಒಂದು ಕೋಲನ್ನು ಊರಿಕೊಂಡು ಬಂದರು. "ಇದು ಹತ್ತು ವರ್ಷದ್ದು ಸಾರ್, ಹಾವು ಹೊಡೆದು ಹೊಡೆದೇ ಇಷ್ಟು ನುಣುಪಾಗಿದೆ" ಅಂದರು. ಕೈಗೆ ತೆಗೆದುಕೊಂಡೆ. ತೂಕ ಇತ್ತು. ಕಲ್ಲಿಗೆ ಬಡಿದೆ, ಅಲುಗಲಿಲ್ಲ. ಇಷ್ಟು ವರ್ಷ ಅದರ ನಡುವೆಯೇ ಓಡಾಡಿಕೊಂಡು ಪೈಪು ಕೊಳ್ಳುತ್ತಿದ್ದೆನಲ್ಲ ಅಂತ ನಾಚಿಕೆಯಾಯಿತು.

ಕಿತ್ತು ಹಾಕಿದ ಗಿಡಗಳಲ್ಲಿ ನೆಟ್ಟಗೆ ಮೇಲೆ ಹೋದ, ದಪ್ಪಗಾದ ಹಳೇ ಚಿಗುರುಗಳಿರುತ್ತವೆ. ಅಂಥವನ್ನೇ ಆರಿಸಬೇಕು. ಅಡ್ಡ ರೆಕ್ಕೆ, ಅಂದರೆ ಪಕ್ಕದ ಕೊಂಬೆ, ಪ್ರಯೋಜನಕ್ಕೆ ಬರುವುದಿಲ್ಲ. ಬೇಕಾದ್ದಕ್ಕಿಂತ ಅರ್ಧ ಅಡಿ ಉದ್ದವೇ ಕಡಿದು, ಎರಡು ತುದಿಗೂ ಮೇಣ ಬಳಿದು ಅಟ್ಟದ ಮೇಲೆ ಇಡಿ. ನನ್ನ ಮೊದಲ 30 ಕೋಲನ್ನು ಮೇಣ ಬಳಿಯದೆ ಬಿಸಿಲಿಗೆ ಹಾಕಿದ್ದೆ. ವಾರದೊಳಗೆ 22 ತುದಿಯಿಂದ ಬಿರಿದವು. ಎರಡನೇ ಸಲ ಒಲೆಯ ಮೇಲಿನ ಅಟ್ಟದಲ್ಲಿ ಐದು ತಿಂಗಳು, ನೆರಳಲ್ಲೇ. 30ರಲ್ಲಿ 24 ಉಳಿದವು. ಸ್ವಲ್ಪ ಸೊಟ್ಟ ಇದ್ದರೆ ಕೆಂಡದ ಮೇಲೆ ಕಾಯಿಸಿ, ಮರದ ಕವಲಿಗೆ ಸಿಕ್ಕಿಸಿ ನೆಟ್ಟಗೆ ಮಾಡಬಹುದು. ಆಮೇಲೆ ಲೇತು. ದಪ್ಪ 24 ಮಿಲಿಮೀಟರ್, ಚಿಕ್ಕವರಿಗೆ 20–21. ವಾರ್ನಿಶ್ ಬಳಿಯಲೇಬೇಡಿ, ಬೆವರಿಗೆ ಅಂಟುತ್ತದೆ, ಕೋಲು ಕೈಯಲ್ಲಿ ಸರಿಯುವುದಿಲ್ಲ. ನಾನು ಎಣ್ಣೆ ಉಜ್ಜುತ್ತೇನೆ. ಅಗಸೆ ಎಣ್ಣೆ ಅಂತ ಎಲ್ಲರಿಗೂ ಗೊತ್ತು, ಅದರ ಜೊತೆ ಇನ್ನೆರಡು ಸೇರುತ್ತವೆ. ಮಳೆಗಾಲದಲ್ಲೂ ಬೂಷ್ಟು ಹಿಡಿಯುವುದಿಲ್ಲ. ಏನು ಸೇರುತ್ತದೆ ಅಂತ ಮಾತ್ರ ಕೇಳಬೇಡಿ! ಎಲ್ಲ ಸೇರಿ ಒಂದು ಕೋಲಿಗೆ 90–100 ರೂಪಾಯಿ.

ಕೋಲು ಸರಿಯಾಯಿತು, ಕಲಿಸುವುದು ಸರಿಯಾಗಿರಲಿಲ್ಲ. ನಾನು ಕಲಿತ ಕ್ರಮದಲ್ಲೇ ಮಕ್ಕಳಿಗೂ ಹೊಡೆತದಿಂದಲೇ ಶುರು ಮಾಡಿದೆ. ಎರಡನೇ ವಾರಕ್ಕೇ ಜೋಡಿ ಅಭ್ಯಾಸಕ್ಕೆ ಬಿಟ್ಟೆ. ಅದು ಶುದ್ಧ ಅವಸರ. ಹನ್ನೆರಡು ವರ್ಷದ ಹುಡುಗನ ಹೆಬ್ಬೆರಳಿನ ಮೇಲೆ ಬಿದ್ದು ಮೂಳೆ ಬಿರುಕು ಬಿಟ್ಟಿತು. ಎಕ್ಸ್‌ರೇ, ಪಟ್ಟಿ ಎಲ್ಲ ಸೇರಿ 4,000 ಚಿಲ್ಲರೆ ನಾನೇ ಕೊಟ್ಟೆ. ದುಡ್ಡಿಗಿಂತ ಹೆಚ್ಚು ಚುಚ್ಚಿದ್ದು ಅವನ ತಾಯಿಯ ಮಾತು: "ಕರಾಟೆ ಕಲಿಸಿ ಅಂತ ಕಳಿಸಿದ್ದು ಮಾಸ್ಟ್ರೇ, ದೊಣ್ಣೆವರಸೆಗಲ್ಲ." ಆ ತಿಂಗಳೇ ಒಂಬತ್ತು ಮಕ್ಕಳು ಬಿಟ್ಟರು. ಇನ್ನೊಬ್ಬ ಅಪ್ಪ ಗೇಟಿನ ಹತ್ತಿರ ನಿಂತು "ಮನೆಮನೆಗೆ ಕೋವಿ ಇರೋ ಊರಲ್ಲಿ ಕೋಲಿಟ್ಕೊಂಡು ಏನ್ ಮಾಡ್ತೀರಿ?" ಅಂತ ಎಲ್ಲರ ಎದುರು ನಗಾಡಿದರು. ಓಬವ್ವನ ಒನಕೆ ಅಂತ ನನಗೇ ಹೆಸರಿಟ್ಟವರೂ ಇದ್ದಾರೆ.

ಒಂದು ತಿಂಗಳು ಕೋಲುಗಳನ್ನು ಮೂಲೆಗೆ ಇಟ್ಟೆ. ಆಮೇಲೆ ತಲೆಗೆ ಹೊಳೆದದ್ದು ಇಷ್ಟೇ. ನನಗೆ ಬೇಕಾದದ್ದು ಕೋಲು ವಿದ್ಯೆ ಅಲ್ಲ, ಗ್ಯಾಕು ಜುಕಿ. ಹಾಗಿದ್ದರೆ ಹೊಡೆತ ಯಾಕೆ?

ಈಗ ಮೊದಲ ಆರು ತಿಂಗಳು ಯಾರೂ ಯಾರಿಗೂ ಕೋಲು ಎತ್ತುವುದಿಲ್ಲ. ಮೊದಲು ಕೋಲನ್ನು ನೊಗದ ಹಾಗೆ ಹೆಗಲ ಮೇಲೆ ಇಟ್ಟುಕೊಂಡು ಜೆಂಕುತ್ಸು ದಾಚಿಯಲ್ಲಿ (ಮುಂದಿನ ಮಂಡಿ ಬಗ್ಗಿಸಿದ ನಿಲುವಿನಲ್ಲಿ) ನಡೆಯುವುದು. ಸೊಂಟ ತಿರುಗಿತೋ ಇಲ್ಲವೋ ಕೋಲಿನ ತುದಿಯೇ ತೋರಿಸುತ್ತದೆ, ನಾನು ಕೂಗಬೇಕಾಗಿಲ್ಲ. ಎರಡನೇ ತಿಂಗಳಿಂದ ಚುಚ್ಚುವುದು ಮಾತ್ರ. ಮುಂದಿನ ಕೈ ಸಡಿಲ, ಕೊಳವೆ ಇದ್ದ ಹಾಗೆ. ಹಿಂದಿನ ಕೈ ಸೊಂಟದಿಂದ ತಳ್ಳುತ್ತದೆ, ಅದೇ ದಾರಿಯಲ್ಲಿ ವಾಪಸ್ ಸೊಂಟಕ್ಕೆ ಬರುತ್ತದೆ. ಹಿಕಿತೆ ಅಂದರೆ ಅದೇ ತಾನೇ? ಎದುರಿಗೆ ದಾರದಲ್ಲಿ ಒಂದು ಕಿತ್ತಳೆ ಕಟ್ಟುತ್ತೇನೆ, ಕಿತ್ತಳೆ ಇಲ್ಲದ ಕಾಲದಲ್ಲಿ ರಬ್ಬರ್ ಚೆಂಡು. ಬರೀ ಕೈಯಲ್ಲಿ ತಳ್ಳಿದರೆ ತುದಿ ಮೇಲಕ್ಕೆ ಏಳುತ್ತದೆ, ಕಿತ್ತಳೆ ತಪ್ಪುತ್ತದೆ. ಸೊಂಟದಿಂದ ಬಂದರೆ ಟಪ್ ಅಂತ ತಗುಲುತ್ತದೆ. ಹತ್ತಕ್ಕೆ ಏಳು ಸಲ ತಗುಲಿದರೆ ಆ ಕಿತ್ತಳೆ ಅವರಿಗೇ. ಚಿಕ್ಕವರು ಇದಕ್ಕಾಗಿಯೇ ಬೇಗ ಬರುತ್ತಾರೆ.

ಚುಚ್ಚಿದ ಕೂಡಲೇ ಕೋಲನ್ನು ನೆಲಕ್ಕೆ ಇಟ್ಟು ಬರಿಗೈಯಲ್ಲಿ ಹತ್ತು ಗ್ಯಾಕು ಜುಕಿ. ಇದೇ ಮುಖ್ಯ. ಕೋಲಿನ ನೆನಪು ಮೈಯಲ್ಲಿ ಇರುವಾಗಲೇ ಹೊಡೆಸಬೇಕು, ನೀರು ಕುಡಿಯಲು ಬಿಟ್ಟರೆ ಹೋಯಿತು. ವಾರಕ್ಕೆ ಎರಡು ದಿನ, ಕಿಹೊನ್ (ಮೂಲ ಅಭ್ಯಾಸ) ಸಮಯದಲ್ಲೇ 15 ನಿಮಿಷ. ಸಮಯ ಎಲ್ಲಿಂದ ತರುತ್ತೀರಿ ಅಂದವರಿಗೆ ಉತ್ತರ ಇದೇ, ಕಿಹೊನನ್ನೇ ಕೋಲಿನಲ್ಲಿ ಮಾಡಿಸುತ್ತೇನೆ. ಕೆಳಗಿನ ಏಟು ತಡೆಯುವ ಗೆದಾನ್ ಬರಾಯ್‌ಗೂ ಒಂದು ಅಭ್ಯಾಸ ಕಟ್ಟಿದ್ದೇನೆ. ಅದರಲ್ಲಿ ಕೈ ಬದಲಿಸುವ ಜಾಗ ಬರೆದು ತಿಳಿಯುವುದಿಲ್ಲ, ನೋಡಬೇಕು ಅಂದವರು ಬನ್ನಿ.

ಕೋಲಿನ ಉದ್ದ ಕಂಕುಳವರೆಗೆ ಸಾಕು. ಒಂಬತ್ತು ವರ್ಷದವರಿಗೆ ಸುಮಾರು 100 ಸೆಂಟಿಮೀಟರ್. ಮನೆಗೆ ಕೊಡುವುದಿಲ್ಲ. ಕ್ಲಾಸಿನ ಹೊರಗೆ ಕೋಲು ಎತ್ತಿದರೆ ಎರಡು ವಾರ ಕೋಲಿಲ್ಲ. ಇದುವರೆಗೆ ಮೂರೇ ಜನಕ್ಕೆ ಆ ಶಿಕ್ಷೆ ಬಿದ್ದಿದೆ, ಅದರಲ್ಲಿ ಒಬ್ಬ ನನ್ನ ಮಗ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಮಳೆಗಾಲದಲ್ಲಿ ಎಲ್ಲರ ಕೈಯಲ್ಲೂ ಕೊಡೆ ಇರುತ್ತದಲ್ಲ, ಉದ್ದ ಕೊಡೆ ಮೂರಡಿ, ಹೆಚ್ಚುಕಡಿಮೆ ಹಾನ್‌ಬೋ (ಅರ್ಧ ಬೋ) ಅಳತೆ. ಹೈಸ್ಕೂಲ್ ಹುಡುಗಿಯರಿಗೆ ಕೊಡೆಯಲ್ಲೇ ಕಲಿಸೋಣ ಅಂತ ಹೊರಟೆ. ಮೂರು ಕೊಡೆ ಕಡ್ಡಿ ಮುರಿದು ಮನೆಯವರಿಂದ ದೂರು ಬಂತು. ಈಗ ಮಡಚುವ ಕೊಡೆಯೇ ಜಾಸ್ತಿ, ಅದರಲ್ಲಿ ಏನೂ ಆಗುವುದಿಲ್ಲ. ಬಿಟ್ಟೆ. ಹಾಕಿ ಆಡುವ ಮಕ್ಕಳಿಗೆ ಕೋಲು ಬೇಗ ಬರುತ್ತದೆ ಅಂದುಕೊಂಡಿದ್ದೆ, ನಮ್ಮಲ್ಲಿ ಅರ್ಧ ಮಕ್ಕಳು ಹಾಕಿಯವರೇ. ಉಲ್ಟಾ ಆಯಿತು. ಅವರ ಎಡಗೈ ಕೋಲಿನ ತುದಿಯನ್ನು ಕಚ್ಚಿ ಹಿಡಿದುಬಿಡುತ್ತದೆ, ಸರಿಯಲು ಬಿಡುವುದಿಲ್ಲ. ಅವರಿಗೆ ಒಂದು ತಿಂಗಳು ಹೆಚ್ಚು ಬೇಕಾಯಿತು. ಆದರೆ ಮಂಡಿ ಬಗ್ಗಿಸಿ ಓಡಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಬೆತ್ತದಾಟ ಪರಿಯ ಕಳಿಯಿಂದಲೂ ಒಂದು ಕದ್ದಿದ್ದೇನೆ. ಅದರಲ್ಲಿ ಬೆತ್ತದ ಏಟು ಮಂಡಿಯ ಕೆಳಗೇ ಬೀಳಬೇಕು, ಗುರಾಣಿ ಹಿಡಿದು ತಪ್ಪಿಸಿಕೊಳ್ಳಬೇಕು. ಮಂದ್‌ನಲ್ಲಿ (ಊರಿನ ಆಟದ ಬಯಲಿನಲ್ಲಿ) ಆಡಿದ ಒಬ್ಬ ಅಜ್ಜನನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದವರು, ಕಾಲು ಎತ್ತುವ ವೇಗ ನೋಡಿ ಬ್ಲ್ಯಾಕ್ ಬೆಲ್ಟ್ ಹುಡುಗರು ಬಾಯಿ ಬಿಟ್ಟರು. ಈಗ ದೊಡ್ಡವರಿಗೆ ಸ್ಪಂಜು ಸುತ್ತಿದ ಕೋಲಿನಲ್ಲಿ ಕಾಲು ತಪ್ಪಿಸುವ ಆಟ ಆಡಿಸುತ್ತೇನೆ. ಕುಮಿತೆಯಲ್ಲಿ (ಇಬ್ಬರ ಕಾದಾಟದಲ್ಲಿ) ಮುಂದಕ್ಕೆ ವಾಲುವ ಚಾಳಿ ಅದರಿಂದಲೇ ಬಿಟ್ಟಿತು.

ಬೆಲ್ಟ್ ಪರೀಕ್ಷೆಗೆ ಬಂದಿದ್ದ ಹಿರಿಯರೊಬ್ಬರಿಗೆ ಮೂಲೆಯಲ್ಲಿದ್ದ ಕೋಲು ನೋಡಿ ಸಿಟ್ಟು ಬಂತು. "ಕರಾಟೆ ಅಂದರೆ ಬರಿಗೈ, ಇದು ಸಿಲಬಸ್‌ನಲ್ಲಿಲ್ಲ" ಅಂದರು. ತೈರಾ ಶಿಂಕೆನ್ ನಮ್ಮ ಶೋಟೊಕಾನ್ ಶುರು ಮಾಡಿದ ಫುನಾಕೋಶಿಯವರ ಹತ್ತಿರ ಕರಾಟೆ ಕಲಿತೇ ಅಲ್ವಾ ಕೊಬುಡೋಗೆ (ಓಕಿನಾವಾದ ಆಯುಧ ವಿದ್ಯೆಗೆ) ಜೀವ ಕೊಟ್ಟದ್ದು ಅಂದೆ. ನಮ್ಮ ಜಿತ್ತೆ ಕಾತಾದಲ್ಲಿ (ಕಾತಾ ಅಂದರೆ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ಬೋ ಹಿಡಿಯುವ ಭಾಗ ಇದೆ, ಒಮ್ಮೆಯೂ ಕೋಲು ಮುಟ್ಟದವರು ಅದನ್ನು ಗಾಳಿಯಲ್ಲಿ ಹಿಡಿಯುತ್ತಾರೆ ಅಂತಲೂ ಸೇರಿಸಿದೆ. ಸ್ವಲ್ಪ ಜಾಸ್ತಿ ಮಾತಾಡಿದೆ ಅನ್ನಿಸುತ್ತದೆ. ಅವರು ಉತ್ತರ ಕೊಡಲಿಲ್ಲ. ಆ ದಿನ ಬ್ರೌನ್ ಬೆಲ್ಟಿಗೆ ನಿಂತ ಒಂಬತ್ತು ಜನರಲ್ಲಿ ಎಂಟು ಜನ ಮೊದಲ ಸಲಕ್ಕೇ ಪಾಸು. ಅದಕ್ಕೂ ಮುಂಚೆ ಅರ್ಧ ಜನ ಪಾಸಾದರೆ ದೊಡ್ಡದಿತ್ತು. ಹೋಗುವಾಗ ಅವರೇ ಒಂದು ಕೋಲು ಎತ್ತಿ ನೋಡಿ, "ಇದು ಯಾವ ಮರ?" ಅಂದರು. ಒಂದನ್ನು ಕೊಟ್ಟು ಕಳಿಸಿದೆ.

ಎರಡೂವರೆ ವರ್ಷದಲ್ಲಿ ಕೋಲು, ಫ್ಯಾನು, ಎಕ್ಸ್‌ರೇ, ಲೇತು ಎಲ್ಲ ಸೇರಿ ಹತ್ತಿರ ಹತ್ತಿರ 35,000 ಹೋಗಿರಬೇಕು. ಲೆಕ್ಕ ಬರೆದಿಟ್ಟಿಲ್ಲ, ಹೆಂಡತಿಯ ಹತ್ತಿರ 20 ಅಂತ ಹೇಳಿದ್ದೇನೆ. ಮಕ್ಕಳು ಹೆಚ್ಚಾದದ್ದರಿಂದ ಒಂದು ವರ್ಷದೊಳಗೆ ವಾಪಸ್ ಬಂತು. ಭಾನುವಾರ ಬೆಳಿಗ್ಗೆ ಏಳು ಜನ ತಾಯಂದಿರ ಒಂದು ಬ್ಯಾಚ್ ಇದೆ, ಅವರಿಗೆ ಬೆಲ್ಟ್ ಬೇಡ, ಕೋಲು ಮಾತ್ರ ಸಾಕು. ಹೆಬ್ಬೆರಳು ಮುರಿದುಕೊಂಡ ಹುಡುಗನ ತಾಯಿಯೂ ಅದರಲ್ಲಿದ್ದಾರೆ.

ಈಗ ಅಟ್ಟದ ಮೇಲೆ ಇನ್ನೂ 40 ಕೋಲು ಒಣಗುತ್ತಿವೆ. ಐದಾರು ಸೊಟ್ಟ ಬರುವುದು ಖಂಡಿತ. ಗೇಟಿನ ಹತ್ತಿರ ನಗಾಡಿದ ಆ ಕೋವಿ ಅಪ್ಪ ಮಂಡಿ ನೋವು, ಊರಿಕೊಳ್ಳಲು ಬೇಕು ಅಂತ ಒಂದಕ್ಕೆ ಈಗಲೇ ಹೇಳಿಟ್ಟಿದ್ದಾರೆ. ಅವರಿಗೆ 150 ರೂಪಾಯಿ.