ಹಳೆ ಪಿಸಿಯ ಪ್ರೊಸೆಸರ್ ಬದ್ಲಿಸಿ ಎನ್‌ಕ್ರಿಪ್ಟ್ ಬ್ಯಾಕಪ್ ಫಾಸ್ಟ್ ಮಾಡ್ಕೊಳ್ಳೋದು ಹೆಂಗ

ನಮ್ಮ ಗಂಗಾವತಿ, ಕೊಪ್ಪಳ ಕಡೆ ಫೋಟೋ ಸ್ಟುಡಿಯೋ, ಲ್ಯಾಬು, ಟ್ಯಾಕ್ಸ್ ಆಫೀಸಿನಾಗ ಎಚ್61 ಮದರ್‌ಬೋರ್ಡು, ಅದ್ರ ಮ್ಯಾಲ ಇಂಟೆಲ್ ಕಂಪ್ನಿದು ಐ3-2100 ಇಲ್ಲಾ ಐ3-3220 ಪ್ರೊಸೆಸರ್ ಇರೋ ಪಿಸಿ ಇನ್ನೂ ಬಾಳ ಓಡ್ತಾವ್ರಿ. ಮಂದಿ ಮದುವಿ ಫೋಟೋ, ರಿಪೋರ್ಟು, ಆಧಾರ್ ಕಾಪಿ ಎಲ್ಲಾ ಅದ್ರಾಗ ಇರ್ತಾವು, ಹಂಗಾಗಿ ಬ್ಯಾಕಪ್ ಡಿಸ್ಕ್ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ದ ಓದಾಕ ಬರದಂಗ ಗುಪ್ತ) ಆಗಿರ್ಲೇಬೇಕು, ಡಿಸ್ಕ್ ಎಲ್ಲಿಯಾರ ಕಳದ್ರೂ ಒಳಗಿಂದು ಯಾರ ಕಣ್ಣಿಗೂ ಬೀಳಬಾರ್ದು. ಆದ್ರ ಎನ್‌ಕ್ರಿಪ್ಶನ್ ಹಾಕಿದ ಕೂಡ್ಲೇ ಬ್ಯಾಕಪ್ ತೆವಳಾಕ ಶುರು ಮಾಡ್ತೈತಿ, ಮಂದಿ ಬೇಸರಾಗಿ ಪಾಸ್‌ವರ್ಡೇ ತಗದು ಹಾಕ್ತಾರ. ಅದನ್ನ ಮಾಡಬ್ಯಾಡ್ರಿ, ದಾರಿ ಐತಿ.

ವಿಷಯ ಇರೋದು ಗಿಗಾಹರ್ಟ್ಸ್‌ನಾಗ ಅಲ್ರಿ, ಚಿಪ್ಪಿನಾಗ, ಅಂದ್ರ ಪ್ರೊಸೆಸರ್‌ನಾಗ, ಎಇಎಸ್-ಎನ್‌ಐ ಐತೋ ಇಲ್ಲೋ ಅನ್ನೋದ್ರಾಗ. ಎಇಎಸ್ ಅಂದ್ರ ಡೇಟಾ ಗುಪ್ತ ಮಾಡೋ ಒಂದು ಪದ್ಧತಿ, ಎಇಎಸ್-ಎನ್‌ಐ ಅಂದ್ರ ಆ ಲೆಕ್ಕಕ್ಕಂತ ಚಿಪ್ಪಿನೊಳಗೇ ಇರೋ ಇನ್‌ಸ್ಟ್ರಕ್ಷನ್ (ಆದೇಶ). ಎಇಎಸ್-256 ಅಂದ್ರ 16 ಬೈಟಿನ ಒಂದೊಂದು ತುಂಡಿಗೂ 14 ಸುತ್ತು ಲೆಕ್ಕ, ಎಇಎಸ್-ಎನ್‌ಐ ಇಲ್ಲದ ಚಿಪ್ಪು ಒಂದೊಂದು ಸುತ್ತಿಗೂ ಸಾಫ್ಟ್‌ವೇರ್‌ನಾಗ ಹತ್ತಾರು ಸಣ್ಣ ಕೆಲಸ ಮಾಡ್ಬೇಕು, ಇರೋ ಚಿಪ್ಪು ಒಂದು ಸುತ್ತನ್ನ ಒಂದೇ ಇನ್‌ಸ್ಟ್ರಕ್ಷನ್‌ನಾಗ ಮುಗಿಸ್ತೈತಿ. ಇಂಟೆಲ್ ಇದನ್ನ 2010ರಾಗ ತಂತು, ಆದ್ರ ಎಲ್ಲಾ ಚಿಪ್ಪಿಗೂ ಕೊಡ್ಲಿಲ್ಲ. ಡೆಸ್ಕ್‌ಟಾಪ್‌ನಾಗ ಎರಡನೇ, ಮೂರನೇ ಜನರೇಷನ್ ಐ5, ಐ7ಗೆ ಐತಿ, ಅದೇ ಜನರೇಷನ್ ಐ3, ಪೆಂಟಿಯಮ್, ಸೆಲೆರಾನ್‌ಗೆ ಇಲ್ಲ. ನಾಲ್ಕನೇ ಜನರೇಷನ್ನಿಂದ ಐ3ಗೂ ಬಂತು. ಅಂದ್ರ ಎರಡನೇ ಜನರೇಷನ್ನಿನ 2100 ತಗದು ಮೂರನೇ ಜನರೇಷನ್ನಿನ 3220 ಹಾಕಿದ್ರ ರೊಕ್ಕ ಹೋಗ್ತೈತಿ, ಈ ಕೆಲಸಕ್ಕ ಲಾಭ ಅಷ್ಟಕ್ಕಷ್ಟ. ಎಎಂಡಿ ಕಂಪ್ನಿ ಹಳೆ ಚಿಪ್ಪು ಫಿನಾಮ್ 2, ಅಥ್ಲಾನ್ 2ನಾಗೂ ಇಲ್ಲ.

ನಿಮ್ದರಾಗ ಐತೇನು ಅಂತ ನೋಡಾಕ ಸಿಪಿಯು-ಝೆಡ್ ಅನ್ನೋ ಸಾಫ್ಟ್‌ವೇರ್ ತಗೀರಿ, ಇನ್‌ಸ್ಟ್ರಕ್ಷನ್ಸ್ ಸಾಲಿನಾಗ ಎಇಎಸ್ ಅಂತ ಇರ್ಬೇಕು.

ಈಗ ರೊಕ್ಕ ಬಿಚ್ಚೋಕಿಂತ ಮೊದ್ಲು ಮಾಡೋ ಕೆಲಸ. ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ವೆರಾಕ್ರಿಪ್ಟ್ ಸಾಫ್ಟ್‌ವೇರ್‌ನಾಗ ಟೂಲ್ಸ್ ಒಳಗ ಬೆಂಚ್‌ಮಾರ್ಕ್ (ಸ್ಪೀಡ್ ಅಳಿಯೋದು) ಅಂತ ಐತಿ, ಅದನ್ನ ಓಡ್ಸಿ ಎಇಎಸ್ ಸಾಲಿನ ನಂಬರ್ ಬರಕೊಳ್ರಿ. ಆಮ್ಯಾಗ ಖರೇನ ಬ್ಯಾಕಪ್ ಓಡುವಾಗ ಎಷ್ಟು ಸ್ಪೀಡ್ ಬರ್ತೈತಿ ನೋಡ್ರಿ. ಬೆಂಚ್‌ಮಾರ್ಕ್ ಬರೇ ರ್‍ಯಾಮ್‌ನಾಗ ಅಳೀತೈತಿ, ಡಿಸ್ಕ್ ಮುಟ್ಟೋದಿಲ್ಲ, ಹಂಗಾಗಿ ಅದು ಸೆಕೆಂಡಿಗೆ 200 ಎಂಬಿ ತೋರ್ಸಿ ನಿಮ್ಮ ಕಾಪಿ 30 ಎಂಬಿಗೇ ನಿಂತಿದ್ರ ತಪ್ಪು ಪ್ರೊಸೆಸರ್‌ದಲ್ಲ, ಯುಎಸ್‌ಬಿದು. ಎಚ್61 ಚಿಪ್‌ಸೆಟ್‌ನಾಗ ಯುಎಸ್‌ಬಿ 2 ಅಷ್ಟೇ ಐತಿ, ಸೆಕೆಂಡಿಗೆ 30-35 ಎಂಬಿ ಮ್ಯಾಲ ಹೋಗೋದು ಕಷ್ಟ. ಎಡದಂಡಿ ಕಾಲುವಿ ತುಂಬಿ ಹರದ್ರೂ ತೂಬು ಸಣ್ಣದಿದ್ರ ಗದ್ದಿಗೆ ಬರೋ ನೀರು ಅಷ್ಟೇ ಅಲ್ಲೇನ್ರಿ. ಅಂಥಾ ಟೈಮಿನಾಗ ಒಂದು ಯುಎಸ್‌ಬಿ 3 ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕ್ರಿ, ಇಲ್ಲಾಂದ್ರ ಬ್ಯಾಕಪ್ ಡಿಸ್ಕ್ ಸಾಟಾಗೆ (ಬೋರ್ಡಿನಾಗ ಒಳಗಿನ ಹಾರ್ಡ್ ಡಿಸ್ಕ್ ಸಿಗಸೋ ಪೋರ್ಟು) ನೇರ ಜೋಡಿಸ್ರಿ. ನೆಟ್‌ವರ್ಕ್ ಮ್ಯಾಲ ಕಳ್ಸೋರು 100 ಎಂಬಿಪಿಎಸ್ ಸ್ವಿಚ್ ಇಟ್ಕೊಂಡಿದ್ರ 12 ಎಂಬಿ ದಾಟೋದೇ ಇಲ್ಲ.

ಟಾಸ್ಕ್ ಮ್ಯಾನೇಜರ್ ನೋಡುವಾಗೂ ಮೋಸ ಹೋಗಬ್ಯಾಡ್ರಿ. ಐ3ಗೆ ನಾಲ್ಕು ಥ್ರೆಡ್ (ಒಮ್ಮೆಲೇ ಕೆಲಸ ನಡೆಯೋ ಸಾಲು) ಇರ್ತಾವು, ಬ್ಯಾಕಪ್ ಸಾಫ್ಟ್‌ವೇರ್ ಒಂದೇ ಥ್ರೆಡ್‌ನಾಗ ದುಡೀತಿದ್ರ ಒಟ್ಟು 25 ಪರ್ಸೆಂಟ್ ತೋರಿಸ್ತೈತಿ, ಆದ್ರ ಆ ಒಂದು ಥ್ರೆಡ್ ಫುಲ್ ಆಗಿರ್ತೈತಿ. ಗ್ರಾಫ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರ್ಸಿ ನೋಡ್ರಿ. ಮೂಲ ಡಿಸ್ಕೂ ಎನ್‌ಕ್ರಿಪ್ಟ್, ಬ್ಯಾಕಪ್ ಡಿಸ್ಕೂ ಎನ್‌ಕ್ರಿಪ್ಟ್, ಮ್ಯಾಲ ಕಂಪ್ರೆಷನ್ ಬ್ಯಾರೆ ಇದ್ರ ಹಳೆ ಐ3 ಅಲ್ಲೇ ಕುಸೀತೈತಿ, ಯಾಕಂದ್ರ ಒಂದೇ ಡೇಟಾ ಒಂದ್ಸಲ ಬಿಚ್ಚಿ ಇನ್ನೊಂದ್ಸಲ ಕಟ್ಟಬೇಕಲ್ಲ, ಅಂಥವ್ರಿಗೆ ಚಿಪ್ಪು ಬದ್ಲಿಸೋದು ಖರೇನ ವರ್ಕ್ ಆಗ್ತೈತಿ.

ಯಾವ ಚಿಪ್ಪು ಅಂದ್ರ ಎಚ್61 ಬೋರ್ಡಿನಾಗ ಚಿಪ್ಪು ಕೂಡೋ ಎಲ್‌ಜಿಎ1155 ಸಾಕೆಟ್‌ಗೆ ಐ5-2400 ಇಲ್ಲಾ ಐ5-3470. ಬೆಂಗಳೂರು ಎಸ್‌ಪಿ ರೋಡಿನಾಗ ಹಳೆ ಆಫೀಸ್ ಪಿಸಿಯಿಂದ ತಗದಿದ್ದು ಸಿಗ್ತಾವು. ನನ್ನ ಮಾತು ಕೇಳಿದ್ರ 3470 ತಗೊಳ್ರಿ, 2400 ಕುಡಿಯೋದು 95 ವ್ಯಾಟ್, 3470ದು 77, ನಮ್ಮ ರಾಯಚೂರು-ಬಳ್ಳಾರಿ ಬ್ಯಾಸಗಿಗೆ ಆ ಫರಕು ದೊಡ್ಡದು. 3470ಎಸ್ ಸಿಕ್ರ ಇನ್ನೂ ಚಲೋ, ಅದು 65 ವ್ಯಾಟ್, ಹಳೆ ಐ3-2100 ಇದ್ದಷ್ಟೇ. ಇಂಟೆಲ್ ಸರ್ವರ್ ಚಿಪ್ಪು ಕ್ಸಿಯಾನ್ ಇ3-1230 ವಿ2 ಅಗ್ಗ ಅಂತ ತಗೊಂಡ್ರ ಅದ್ರಾಗ ಡಿಸ್‌ಪ್ಲೇ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಬೇಕಾಗ್ತೈತಿ.

ತಗೊಳ್ಳೋಕಿಂತ ಮೊದ್ಲು ಬೋರ್ಡ್ ಕಂಪ್ನಿ ಸೈಟಿನಾಗ ಸಿಪಿಯು ಸಪೋರ್ಟ್ ಲಿಸ್ಟ್ ನೋಡ್ರಿ. ಮೂರನೇ ಜನರೇಷನ್‌ಗೆ ಬಾಳ ಎಚ್61 ಬೋರ್ಡಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕು, ಅದನ್ನ ಹಳೆ ಚಿಪ್ಪು ಇರುವಾಗ್ಲೇ ಮಾಡ್ಬೇಕು, ಇಲ್ಲಾಂದ್ರ ಹೊಸಾದು ಬೂಟ್ ಆಗೋದಿಲ್ಲ. ಯುಪಿಎಸ್ ಇಲ್ದ ಬಯೋಸ್ ಮುಟ್ಟಬ್ಯಾಡ್ರಿ, ನಡುವ ಕರೆಂಟ್ ಹೋತು ಅಂದ್ರ ಬೋರ್ಡೇ ಹೋತು. ವಿಂಡೋಸ್‌ನ ಎನ್‌ಕ್ರಿಪ್ಶನ್ ಬಿಟ್‌ಲಾಕರ್ ಇದ್ರ ರಿಕವರಿ ಕೀ ಹಾಳಿ ಮ್ಯಾಲ ಬರ್ದಿಟ್ಟು, ಸಸ್ಪೆಂಡ್ ಮಾಡಿ ಮುಂದ ಹೋಗ್ರಿ.

ಬದ್ಲಿಸೋ ಕೆಲಸ ಸಣ್ಣದ. ಪಿಸಿಯನ್ನ ಸ್ವಲ್ಪ ಹೊತ್ತು ಓಡ್ಸಿ ಬಂದ್ ಮಾಡ್ರಿ, ಚಿಪ್ಪಿಗೂ ಕೂಲರ್‌ಗೂ ನಡುವಿನ ಹಳೆ ಪೇಸ್ಟ್ ಮೆತ್ತಗಾಗ್ತೈತಿ. ವೈರ್ ಕಿತ್ತು, ಕೂಲರ್‌ದು ನಾಲ್ಕು ಪಿನ್ ಬಾಣದ ಗುರ್ತಿನ ಕಡೆ ತಿರುವಿ ಎತ್ರಿ. ಫ್ಯಾನ್ ಸಂದಿನಾಗ ಕೆಂಪು ಧೂಳು ಉಣ್ಣಿ ಹಂಗ ಕೂತಿರ್ತೈತಿ, ಬ್ರಷ್‌ಲೆ ತಗೀರಿ. ಈ ಸಾಕೆಟ್‌ನಾಗ ಸೂಜಿಯಂಥ ಪಿನ್ ಬೋರ್ಡಿನ ಮ್ಯಾಲೇ ಇರ್ತಾವು, ಬಟ್ಟಿನೂ ತಾಗಬಾರ್ದು, ಬೆರಳೂ ತಾಗಬಾರ್ದು. ಚಿಪ್ಪಿನ ಎರಡು ಕಚ್ಚು ಸಾಕೆಟ್ ಕಚ್ಚಿಗೆ ಹೊಂದ್ಸಿ ನೇರ ಇಳಿಸ್ರಿ, ಒತ್ತಬ್ಯಾಡ್ರಿ, ಲಿವರ್ ಹಾಕುವಾಗ ಮಾತ್ರ ಸ್ವಲ್ಪ ಬಿಗಿ ಬರ್ತೈತಿ. ಹೊಸ ಪೇಸ್ಟ್ ಬಟಾಣಿಯಷ್ಟು ಸಾಕು. ಕೂಲರ್ ಪಿನ್ನು ಎದುರು-ಬದುರು ಒತ್ರಿ, ನಾಲ್ಕೂ ಟಕ್ ಅನ್ಬೇಕು. ಕೈ ಹಾಕಿದ್ದಕ್ಕ ಬೋರ್ಡಿನ ಮ್ಯಾಲಿನ ಸಿಆರ್2032 ಗುಂಡಿ ಸೆಲ್ಲೂ ಬದ್ಲಿಸ್ರಿ.

ಆನ್ ಮಾಡಿ ಮತ್ತ ಅದೇ ಬೆಂಚ್‌ಮಾರ್ಕ್ ಓಡಿಸ್ರಿ, ಎಇಎಸ್ ನಂಬರ್ ಹಲವು ಪಟ್ಟು ಏರಿರ್ಬೇಕು. ಏರಿಲ್ಲಾಂದ್ರ ಬಯೋಸ್‌ನಾಗ ಎಇಎಸ್-ಎನ್‌ಐ ಆಫ್ ಐತೇನು, ವೆರಾಕ್ರಿಪ್ಟ್ ಪರ್ಫಾರ್ಮೆನ್ಸ್ ಸೆಟಿಂಗ್‌ನಾಗ ಹಾರ್ಡ್‌ವೇರ್ ಎಇಎಸ್ ಟಿಕ್ ಹೋಗೇತೇನು ನೋಡ್ರಿ. ಹಳೆ ವಾಲ್ಯೂಮ್ (ಎನ್‌ಕ್ರಿಪ್ಟ್ ಆದ ಡಿಸ್ಕಿನ ಭಾಗ) ಹಂಗೇ ತೆರೀತಾವು, ಮತ್ತ ಎನ್‌ಕ್ರಿಪ್ಟ್ ಮಾಡೋದು ಬ್ಯಾಡ. ಆದ್ರ ವಾಲ್ಯೂಮ್ ಮಾಡುವಾಗ ಸರ್ಪೆಂಟ್, ಟೂಫಿಶ್ ಅನ್ನೋ ಬ್ಯಾರೆ ಪದ್ಧತಿ ಸೇರಿಸಿದ್ರ ಅವಕ್ಕ ಈ ಇನ್‌ಸ್ಟ್ರಕ್ಷನ್ ಉಪಯೋಗಿಲ್ಲ, ಅಂಥಾ ಡಿಸ್ಕ್‌ನಾಗ ಇರೋದನ್ನ ಬರೇ ಎಇಎಸ್ ಇರೋ ಹೊಸ ವಾಲ್ಯೂಮ್‌ಗೆ ಸಾಗಿಸ್ರಿ.