ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್: ಕನ್ನಡದ ಕೆಲಸಕ್ಕೆ ನಾನು ಮಾಡಿಕೊಂಡ ಏರ್ಪಾಡು

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಬರವಣಿಗೆ, ಇಂಟರ್ನೆಟ್ ಎಲ್ಲ ಲಿನಕ್ಸ್ ಮಿಂಟ್‌ನಲ್ಲಿ. ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫೈಲುಗಳಿಗಷ್ಟೇ ವಿಂಡೋಸ್ ಇಟ್ಟುಕೊಂಡಿದ್ದೇನೆ. ಎರಡೂ ತಮ್ಮ ಪಾಡಿಗೆ ಚೆನ್ನಾಗಿಯೇ ಓಡುತ್ತವೆ. ರಗಳೆ ಶುರುವಾಗುವುದು ಒಂದೇ ಡಿಸ್ಕು, ಒಂದೇ ಗಡಿಯಾರವನ್ನು ಇಬ್ಬರೂ ಮುಟ್ಟಿದಾಗ.

ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗುವ ಸೌಲಭ್ಯ) ಆಫ್ ಮಾಡಬೇಕು. ಅದಿದ್ದರೆ ಶಟ್ ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆಮೇಲೆ ಲಿನಕ್ಸ್‌ನಿಂದ ಆ ಡ್ರೈವಿನ ಫೈಲು ಓದಬಹುದು, ಸೇವ್ ಮಾಡಲಾಗದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಅದರ ಟಿಕ್ ಇದೆ. ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಅಲ್ಲಿ ಇಣುಕಿ ನೋಡುವುದು ಒಳ್ಳೆಯದು.

ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ತಪ್ಪಿದರೆ ಬ್ಯಾಟರಿ ಸೆಲ್ ಬದಲಿಸಲು ಓಡಬೇಡಿ. ಮದರ್‌ಬೋರ್ಡ್‌ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್, ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಲಿನಕ್ಸ್ ನಂಬಿರುತ್ತವೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘timedatectl set-local-rtc 1’ ಕೊಟ್ಟರೆ ಜಗಳ ನಿಲ್ಲುತ್ತದೆ. ಹೀಗೆ ಮಾಡಬೇಡಿ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ದೇಶದವರಿಗೆ ಅದು ಮುಖ್ಯ, ಭಾರತದಲ್ಲಿ ಚಿಂತೆಯಿಲ್ಲ.

ಕನ್ನಡದವರನ್ನೇ ಹುಡುಕಿಕೊಂಡು ಬರುವ ತೊಂದರೆ ಫೈಲಿನ ಹೆಸರಿನದು. ಒಂದು ಹೆಸರಿಗೆ ವಿಂಡೋಸ್‌ನಲ್ಲಿ 255 ಅಕ್ಷರಸಂಕೇತಗಳ ಮಿತಿ, ಲಿನಕ್ಸ್‌ನಲ್ಲಿ 255 ಬೈಟ್. ಲಿನಕ್ಸ್ ಹೆಸರು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಗುಣಿತ, ಒತ್ತಿನ ಕೊಂಡಿ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕರ್ನಾಟಕ’ ಅಂದರೆ 7 ಸಂಕೇತ, 21 ಬೈಟ್. ಒಟ್ಟು 85 ಕನ್ನಡ ಸಂಕೇತ ದಾಟಿದ ಹೆಸರನ್ನು ಲಿನಕ್ಸ್‌ಗೆ ಕಾಪಿ ಮಾಡಲು ಹೋದರೆ ಹೆಸರು ಉದ್ದವಾಯಿತು ಎಂದು ಅರ್ಧಕ್ಕೇ ನಿಲ್ಲುತ್ತದೆ. ಸಭೆಯ ನಡಾವಳಿ, ತಾರೀಖು, ಊರು ಎಲ್ಲವನ್ನೂ ಹೆಸರಿನಲ್ಲೇ ತುರುಕುವ ಚಾಳಿಗೆ ಇದೇ ಮದ್ದು! ಅತ್ತ ಲಿನಕ್ಸ್‌ನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ.

ಟೈಪಿಂಗ್‌ಗೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್ ಜೊತೆ ಕೀಲಿಮಣೆ ವಿನ್ಯಾಸಗಳ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ವಿನ್ಯಾಸ) ಆರಿಸಿದರೆ ನುಡಿಯಲ್ಲಿ ಪಳಗಿದ ಬೆರಳು ತಡವರಿಸುವುದಿಲ್ಲ. ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಲಿಯೇ. ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟು, ಅಳತೆ ಎರಡೂ ಇಂಗ್ಲಿಷಿನವಕ್ಕಿಂತ ಬೇರೆ ಕಡೆ ಇರುತ್ತವೆ: ಆಪ್ಷನ್ಸ್ ಒಳಗೆ ಸಿಟಿಎಲ್ (ಕನ್ನಡದಂಥ ಸಂಕೀರ್ಣ ಲಿಪಿಗಳ ಸೌಲಭ್ಯ) ಆನ್ ಮಾಡಿ, ಸ್ಟೈಲ್‌ನಲ್ಲೇ ಎರಡನ್ನೂ ಹೊಂದಿಸಿ. ವಿಂಡೋಸ್ ಜೊತೆ ಬರುವ ಕನ್ನಡ ಫಾಂಟು ನಿರ್ಮಲಾ ಯುಐ ಲಿನಕ್ಸ್‌ನಲ್ಲಿ ಇರುವುದಿಲ್ಲ, ಪುಟದ ಕಟ್ಟು ಚದುರುತ್ತದೆ. ನಾನು ಎರಡೂ ಕಡೆ ನೋಟೋ ಸೆರಿಫ್ ಕನ್ನಡವನ್ನೇ ಹಾಕಿದ್ದೇನೆ.

ನುಡಿಯ ಹಳೆಯ ಆಸ್ಕಿ ಫೈಲುಗಳನ್ನು (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದವು) ಓದಲು ನುಡಿಯ ಫಾಂಟ್ ಲಿನಕ್ಸ್‌ಗೂ ಹಾಕಿದರೆ ಸಾಕು. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಮಾತ್ರ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ: ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿರುತ್ತದೆ. ಮೂಲ ಫೈಲನ್ನು ಅಳಿಸಬೇಡಿ.